ಫಲಕ ಕನ್ನಡವಾದರೆ ಸಾಲದು, ಪರಿಹಾರವೂ ಕನ್ನಡವಾಗಬೇಕು!

(ವಿರಾಜಪೇಟೆಯಲ್ಲಿ ನಡೆದ ಕನ್ನಡ ಕಾರ್ಯಕರ್ತರ ಸಭೆಯಲ್ಲಿ ಸ್ಥಳೀಯ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಪಾಠ)



ನಾನು ಭಾಷಣಕಾರನಲ್ಲ. ಪಿ.ಯು.ಸಿ.ವರೆಗೆ ಓದಿ ಮುದ್ರಣಾಲಯಕ್ಕೆ ಬಂದವನು. ನಿಮ್ಮ ಮನೆಯ ಮದುವೆ ಕಾಗದ, ತೋಟದ ಬಿಲ್ ಪುಸ್ತಕ, ಸಂಘದ ವರದಿ, ದೇವಸ್ಥಾನದ ಹಬ್ಬದ ಕರಪತ್ರ, ನಮ್ಮ ಚಳವಳಿಯ ಭಿತ್ತಿಪತ್ರ, ಇವೇ ನನ್ನ ವಿದ್ಯೆ. ಆದ್ದರಿಂದ ಕನ್ನಡದ ಹಿರಿಮೆಯ ಬಗ್ಗೆ ದೊಡ್ಡ ಮಾತಾಡುವುದಿಲ್ಲ. ನನ್ನ ಕಸುಬಿನಲ್ಲಿ ಕನ್ನಡ ಎಲ್ಲಿ ಎಡವಿ ಬೀಳುತ್ತಿದೆ, ಎತ್ತಿ ನಿಲ್ಲಿಸಲು ನಾವು ಏನು ಮಾಡಬಹುದು ಎಂಬುದನ್ನಷ್ಟೇ ಹೇಳುತ್ತೇನೆ.

ನಾವು ನಾಮಫಲಕಕ್ಕಾಗಿ ಹೋರಾಡಿದ್ದೇವೆ. 2024ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಅಂಗಡಿ ಮುಂಗಟ್ಟುಗಳ ಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕು. ಸಂತೋಷ. ಆದರೆ ಫಲಕ ನೋಡಿ ಒಳಗೆ ಹೋದ ಮೇಲೆ, ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರ ಕೊಡುವವರೇ ಇಲ್ಲದಿದ್ದರೆ ಆ ಫಲಕದಿಂದ ಏನು ಬಂತು? ಕಂಪ್ಯೂಟರಿನಲ್ಲಿ ಇಂದು ಆಗಿರುವುದು ಇದೇ. ಪರದೆಯ ಮೇಲೆ ಕನ್ನಡ ಬಂದಿದೆ. ಮೆನುಗಳು ಕನ್ನಡದಲ್ಲಿ ಬಂದಿವೆ. ಆದರೆ ಕೆಲಸ ಕೈಕೊಟ್ಟಾಗ 'ಏನಣ್ಣ ಮಾಡೋದು?' ಎಂದು ಕೇಳಿದರೆ ಉತ್ತರವೆಲ್ಲ ಇಂಗ್ಲಿಷಿನಲ್ಲಿ! ಮುಕ್ತ ತಂತ್ರಾಂಶ ಬಳಸುವವರ ಪಾಡಂತೂ ಇನ್ನೂ ಕಷ್ಟ. ಇವತ್ತಿನ ನನ್ನ ಮಾತು ಇಷ್ಟರ ಬಗ್ಗೆಯೇ.

ಪುಕ್ಕಟೆಯೂ ಸ್ವತಂತ್ರವೂ ಒಂದೇ ಅಲ್ಲ

ಮುಕ್ತ ತಂತ್ರಾಂಶ ಎಂದರೆ ಪುಕ್ಕಟೆ ಸಿಗುವುದು ಎಂದು ಅನೇಕರು ತಿಳಿದಿದ್ದಾರೆ. ಅದಲ್ಲ. ಅದರ ಒಳಗುಟ್ಟು ಎಲ್ಲರಿಗೂ ತೆರೆದಿರುತ್ತದೆ. ಬೇಕಾದವರು ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ನೆರೆಯವನಿಗೆ ಹಂಚಬಹುದು. ಈ ಚಳವಳಿ ಹುಟ್ಟಿದ್ದೇ ಒಂದು ಪ್ರಿಂಟರಿನಿಂದ ಎಂದರೆ ಮುದ್ರಣದವನಾದ ನನಗೆ ಹೆಮ್ಮೆ! 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಒಂದು ಬಂತು. ಅದರಲ್ಲಿ ಕಾಗದ ಸಿಕ್ಕಿಹಾಕಿಕೊಂಡರೆ ದೂರದ ಕೋಣೆಯಲ್ಲಿ ಕುಳಿತವರಿಗೆ ಗೊತ್ತಾಗುತ್ತಿರಲಿಲ್ಲ. ಹಿಂದಿನ ಪ್ರಿಂಟರಿಗೆ 'ಕಾಗದ ಸಿಕ್ಕಿದೆ' ಎಂದು ಸುದ್ದಿ ಕಳಿಸುವ ಏರ್ಪಾಡನ್ನು ರಿಚರ್ಡ್ ಸ್ಟಾಲ್‌ಮನ್ ಎಂಬುವರು ಮಾಡಿದ್ದರು. ಹೊಸದಕ್ಕೂ ಮಾಡೋಣವೆಂದರೆ ಅದರ ಮೂಲ ಬರಹ ಕೊಡಲು ಒಪ್ಪಲಿಲ್ಲ. ಆ ಸಿಟ್ಟು ಒಳಗೇ ಕುದಿಯಿತು. 1983ರಲ್ಲಿ ಅವರು ಗ್ನೂ ಯೋಜನೆ ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ತಿರುಳನ್ನು ಬರೆದರು. ಇಂದು ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಅದೇ ತಿರುಳು ಇದೆ.

ನೋಡಿ, ಸ್ಟಾಲ್‌ಮನ್ ಕೇಳಿದ್ದು ಹಣವನ್ನಲ್ಲ. ಕೆಟ್ಟದ್ದನ್ನು ತಾನೇ ಸರಿಮಾಡಿಕೊಳ್ಳುವ ಹಕ್ಕನ್ನು. ನಾವು ಕನ್ನಡಿಗರು ಕೇಳಬೇಕಾದ್ದೂ ಅದನ್ನೇ. ಆದರೆ ಸರಿಮಾಡುವ ವಿಧಾನ ನನಗೆ ತಿಳಿಯದ ಭಾಷೆಯಲ್ಲಿದ್ದರೆ, ಹಕ್ಕು ಇದ್ದೂ ಇಲ್ಲದಂತೆಯೇ ಅಲ್ಲವೆ?

1894ರ ಪುಸ್ತಕ ಓದಬಹುದು, 2002ರ ಪುಸ್ತಕ ತೆರೆಯದು!

ಈ ವಿಷಯ ನಮ್ಮ ಊರಿಗೆ ಏಕೆ ಬೇಕು ಎಂದು ಕೇಳುತ್ತೀರಿ. ಹೇಳುತ್ತೇನೆ.

ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1894ರಲ್ಲಿ ಕಿಟ್ಟೆಲ್ ಅವರ ನಿಘಂಟನ್ನು ಅಚ್ಚು ಹಾಕಿತು. ಸೀಸದ ಮೊಳೆ ಜೋಡಿಸಿ ಮಾಡಿದ ಕೆಲಸ. ನೂರ ಮೂವತ್ತು ವರ್ಷ ಕಳೆದರೂ ಆ ಪುಸ್ತಕ ತೆರೆದರೆ ಅಕ್ಷರ ಅಕ್ಷರವಾಗಿಯೇ ಇದೆ.

ಇನ್ನು ನನ್ನ ಕಥೆ. 2002ರಲ್ಲಿ ನಮ್ಮ ಊರಿನ ನಿವೃತ್ತ ಮೇಷ್ಟ್ರೊಬ್ಬರ ಪುಸ್ತಕ ಅಚ್ಚು ಹಾಕಿದೆ. 180 ಪುಟ. ಆ ಕಾಲಕ್ಕೆ ದುಡ್ಡು ಕೊಟ್ಟು ಬೆಂಗಳೂರಿನ ಒಂದು ಕಂಪನಿಯಿಂದ ಕನ್ನಡ ಅಕ್ಷರಗಳ ತಂತ್ರಾಂಶ ಕೊಂಡಿದ್ದೆ. ಅದರ ಜೊತೆ ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಒಂದು 'ಲಾಕ್' ಬರುತ್ತಿತ್ತು. ಲಾಕ್ ಇಲ್ಲದಿದ್ದರೆ ತಂತ್ರಾಂಶ ಓಡದು. ಕೆಲವು ವರ್ಷಕ್ಕೆ ಲಾಕ್ ಸತ್ತಿತು. ಫೋನ್ ಮಾಡಿದರೆ ಎತ್ತುವವರಿಲ್ಲ. ಕಂಪನಿಯೇ ಬಾಗಿಲು ಹಾಕಿತ್ತು! ಮೇಷ್ಟ್ರು ತೀರಿಕೊಂಡ ಮೇಲೆ ಅವರ ಮಗಳು ಬಂದು 'ಅಪ್ಪನ ಪುಸ್ತಕ ಇನ್ನೊಮ್ಮೆ ಹಾಕಿಕೊಡಿ ಅಣ್ಣ' ಎಂದರು. ಕಡತ ಇದೆ. ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ, ಚುಕ್ಕಿಗಳ ರಾಶಿ. ಕೊನೆಗೆ 180 ಪುಟವನ್ನೂ ಮತ್ತೆ ಕೂತು ಟೈಪ್ ಮಾಡಿಸಿದೆ. ಆ ಹೆಣ್ಣುಮಗಳು ಎರಡು ಸಲದ ಕೂಲಿ ಕೊಡಬೇಕಾಯಿತು.

ಹೀಗೇಕೆ ಆಗುತ್ತದೆ? ಹಳೆಯ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಬಾಡಿಗೆಗೆ ಕುಳಿತಿದ್ದವು. ಕಂಪ್ಯೂಟರಿಗೆ ಅದು ಇಂಗ್ಲಿಷೇ. ಕಣ್ಣಿಗೆ ಮಾತ್ರ ಕನ್ನಡದ ವೇಷ. ಒಂದೊಂದು ಕಂಪನಿ ಒಂದೊಂದು ಮನೆಯಲ್ಲಿ ಕೂರಿಸಿತು. ವೇಷದ ಪೆಟ್ಟಿಗೆ ಕಳೆದರೆ ಕನ್ನಡವೂ ಹೋಯಿತು. ಆದರೆ 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆ ಕೊಟ್ಟಿದ್ದರು. ಜಗತ್ತಿನ ಯಾವ ಕಂಪ್ಯೂಟರಿನಲ್ಲೂ 'ಕ' ಎಂದರೆ 'ಕ'ವೇ. ಸ್ವಂತ ಮನೆ ಇದ್ದೂ ನಮ್ಮ ಮುದ್ರಣಾಲಯಗಳು ಎಷ್ಟೋ ವರ್ಷ ಬಾಡಿಗೆ ಮನೆಯಲ್ಲೇ ಉಳಿದವು. ಕಾರಣ, ನಾವು ಪುಟ ಕಟ್ಟುತ್ತಿದ್ದ ಪೇಜ್‌ಮೇಕರ್ ಯೂನಿಕೋಡ್ ಕನ್ನಡವನ್ನು ಅರಿಯದು. ಅದರ ಕಡೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಮಾಡಿದ ಕಂಪನಿಯೇ ಅದನ್ನು ಕೈಬಿಟ್ಟು ಬಹಳ ಕಾಲವಾಯಿತು.

ಈಗ ಮುಖ್ಯ ಮಾತು ಕೇಳಿ. ಲಿಬ್ರೆ ಆಫೀಸ್ ಎಂಬ ಮುಕ್ತ ತಂತ್ರಾಂಶ 2015ರಿಂದ ಪೇಜ್‌ಮೇಕರ್ ಕಡತಗಳನ್ನು ತೆರೆಯಬಲ್ಲದು. ಎಲ್ಲ ಕಡತವೂ ಪೂರ್ತಿ ಸರಿಯಾಗಿ ಬರುತ್ತದೆಂದಲ್ಲ. ಆದರೆ ಒಳಗಿನ ಬರಹ ಕೈಗೆ ಸಿಕ್ಕರೆ, ಹಳೆಯ ನುಡಿ, ಬರಹ ಅಕ್ಷರಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಇವೆ. ಪುಟ ಕಟ್ಟುವ ಸ್ಕ್ರೈಬಸ್ ಎಂಬ ಮುಕ್ತ ತಂತ್ರಾಂಶದ 1.6 ಆವೃತ್ತಿ 2024ರ ಜನವರಿಯಲ್ಲಿ ಬಂತು. ಒತ್ತಕ್ಷರ, ಅರ್ಕಾವತ್ತು ಇರುವ ನಮ್ಮ ಲಿಪಿಯನ್ನು ಅದು ಕೂಡಿಸಿ ತೋರಿಸುತ್ತದೆ. ನಾಲ್ಕು ಬಣ್ಣ ಬೇರ್ಪಡಿಸಿ, ಪ್ಲೇಟಿಗೆ ಬೇಕಾದ ಪಿ.ಡಿ.ಎಫ್. ತೆಗೆದುಕೊಡುತ್ತದೆ. ಗುಬ್ಬಿ, ನವಿಲು, ಲೋಹಿತ್ ಮುಂತಾದ ಅಕ್ಷರಗಳು ಮುಕ್ತವಾಗಿ ಸಿಗುತ್ತವೆ. ಅಂದರೆ ಬೀಗವೂ ಇದೆ, ಬೀಗದ ಕೈಯೂ ಇದೆ! ಇಲ್ಲದಿರುವುದು ಒಂದೇ: 'ಹೀಗೆ ತಿರುಗಿಸು' ಎಂದು ಕನ್ನಡದಲ್ಲಿ ಹೇಳುವ ಒಂದು ಹಾಳೆ.

ಕರ್ನಾಟಕದ ಎಷ್ಟು ಪುಟ್ಟ ಊರುಗಳ ಎಷ್ಟು ಮುದ್ರಣಾಲಯಗಳ ಕಪಾಟಿನಲ್ಲಿ ಇಂಥ ಸಿ.ಡಿ.ಗಳು ಬೂಷ್ಟು ಹಿಡಿಯುತ್ತಿವೆ, ಯೋಚಿಸಿ. ನಮ್ಮ ಕೊಡಗಿನ ಮಳೆಗೆ ಸಿ.ಡಿ. ಎಷ್ಟು ವರ್ಷ ಬಾಳೀತು? ಅವುಗಳೊಳಗೆ ಊರಿನ ಚರಿತ್ರೆ ಇದೆ, ಸಂಘಗಳ ದಾಖಲೆ ಇದೆ, ಪುಟ್ಟ ಕವಿಗಳ ಒಂದೇ ಒಂದು ಸಂಕಲನ ಇದೆ. ಇದೇ ನಮ್ಮ ಮುಂದಿರುವ ನಷ್ಟ.

ಇನ್ನೊಂದು ಸಂಕಟ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸದನ್ನು ಹಾಕೋಣವೆಂದರೆ ಹಳೆಯ ಯಂತ್ರಗಳು ಒಪ್ಪುವುದಿಲ್ಲ. ಯಂತ್ರ ಚೆನ್ನಾಗಿಯೇ ಇದೆ, ಗುಜರಿಗೆ ಹಾಕಬೇಕೆ? ಲಿನಕ್ಸ್ ಹಾಕಿದರೆ ಇನ್ನೂ ಐದಾರು ವರ್ಷ ದುಡಿಯುತ್ತದೆ. ಆದರೆ ಹಾಕಿದ ಮರುದಿನ ಪ್ರಿಂಟರ್ ಮಾತಾಡದಿದ್ದರೆ ಯಾರನ್ನು ಕೇಳುವುದು? ಈ ಭಯದಿಂದಲೇ ಜನ ಹೊಸ ಯಂತ್ರಕ್ಕೆ ಸಾಲ ಮಾಡುತ್ತಾರೆ, ಇಲ್ಲವೆ ಕಳ್ಳ ನಕಲಿಗೆ ಕೈಹಾಕುತ್ತಾರೆ.

ಇರುವ ಸಹಾಯ ಏಕೆ ಮುಟ್ಟುತ್ತಿಲ್ಲ?

ಕನ್ನಡದಲ್ಲಿ ಯಾರೂ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. ಕೀಲಿಮಣೆಯ ವಿನ್ಯಾಸ ಕೊಟ್ಟ ಕೆ.ಪಿ. ರಾಯರಿಂದ ಹಿಡಿದು, 1998ರಲ್ಲಿ 'ಬರಹ' ತಂದ ಶೇಷಾದ್ರಿವಾಸು ಅವರು, 'ನುಡಿ' ಕೊಟ್ಟ ಕನ್ನಡ ಗಣಕ ಪರಿಷತ್ತು, ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಕನ್ನಡ ತಂತ್ರಾಂಶಕ್ಕಾಗಿ ತಲೆಕೆಡಿಸಿಕೊಂಡ ಪೂರ್ಣಚಂದ್ರ ತೇಜಸ್ವಿಯವರು, ಇವರನ್ನೆಲ್ಲ ನೆನೆಯಬೇಕು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. 'ಸಂಚಯ'ದ ಗೆಳೆಯರು ಸ್ವತಂತ್ರ ತಂತ್ರಾಂಶದ ಬಗ್ಗೆ 'ಅರಿವಿನ ಅಲೆಗಳು' ಎಂಬ ಲೇಖನಗಳನ್ನು ಕನ್ನಡದಲ್ಲೇ ತಂದರು. ಮುಂಬಯಿಯ ಐ.ಐ.ಟಿ.ಯ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯವರು ಮುಕ್ತ ತಂತ್ರಾಂಶದ ಪಾಠಗಳನ್ನು ಕನ್ನಡದ ದನಿಯಲ್ಲೂ ಕೊಟ್ಟಿದ್ದಾರೆ. ನಮ್ಮ ಶಿಕ್ಷಣ ಇಲಾಖೆಯ ಡಿ.ಎಸ್.ಇ.ಆರ್.ಟಿ. ಮತ್ತು ಐ.ಟಿ. ಫಾರ್ ಚೇಂಜ್ ಸಂಸ್ಥೆ ಸೇರಿ ಶಿಕ್ಷಕರಿಗಾಗಿ ಕನ್ನಡದಲ್ಲಿ ಮುಕ್ತ ಪಾಠಸಾಮಗ್ರಿ ಮಾಡಿದ್ದಾರೆ. ಇವರೆಲ್ಲ ಬರಿಗೈಯಲ್ಲಿ ಬೆಟ್ಟ ಕಡಿದವರು.

ಆದರೂ ನಮ್ಮ ಅಂಗಡಿಯ ಹುಡುಗನಿಗೆ ಸಹಾಯ ಮುಟ್ಟುತ್ತಿಲ್ಲ. ನಾನು ಕಂಡ ಕಾರಣ ನಾಲ್ಕು.

ಒಂದು, ಪಾಠ ಬೇರೆ, ಪರಿಹಾರ ಬೇರೆ. ಮೊದಲಿನಿಂದ ಕಲಿಸುವುದು ಪಾಠ. ಗಿರಾಕಿ ಎದುರಿಗೆ ನಿಂತಿದ್ದಾನೆ, ಅಕ್ಷರ ಒಡೆದಿದೆ, ಐದು ನಿಮಿಷದಲ್ಲಿ ದಾರಿ ಬೇಕು, ಇದು ಪರಿಹಾರ. ನಮ್ಮಲ್ಲಿ ಪಾಠ ಒಂದಷ್ಟು ಇದೆ, ಪರಿಹಾರ ಬಲು ಕಡಿಮೆ.

ಎರಡು, ಬರೆದವನಿಗೆ ಎಲ್ಲ ಗೊತ್ತು, ಓದುವವನಿಗೂ ಗೊತ್ತಿರುತ್ತದೆ ಎಂಬ ಭಾವನೆ. 'ಟರ್ಮಿನಲ್ ತೆರೆದು ಈ ಆಜ್ಞೆ ಕೊಡಿ' ಎಂದು ಬರೆದುಬಿಡುತ್ತಾರೆ. ಟರ್ಮಿನಲ್ ಎಂದರೆ ಬಸ್ ನಿಲ್ದಾಣವೋ ಏನೋ ಎಂದು ನಮ್ಮ ಹುಡುಗ ನೋಡುತ್ತಾನೆ!

ಮೂರು, ಹಳತಾಗುವುದು. ತಂತ್ರಾಂಶ ಬದಲಾಗುತ್ತಲೇ ಇರುತ್ತದೆ. ಹತ್ತು ವರ್ಷದ ಹಿಂದೆ ಬರೆದದ್ದರಲ್ಲಿ ಹೇಳಿದ ಗುಂಡಿ ಇಂದು ಆ ಜಾಗದಲ್ಲಿಲ್ಲ. ಹಾಳೆಯ ಮೇಲೆ ತಾರೀಖೂ ಇಲ್ಲ, ಆವೃತ್ತಿಯ ಸಂಖ್ಯೆಯೂ ಇಲ್ಲ. ಓದಿದವನು 'ನನಗೇ ತಲೆಯಿಲ್ಲ' ಎಂದು ಕೈಬಿಡುತ್ತಾನೆ.

ನಾಲ್ಕು, ಮಾತಿನ ಧಾಟಿ. ಕೇಳಿದವನಿಗೆ 'ಇಷ್ಟೂ ಗೊತ್ತಿಲ್ಲವೆ, ಮೊದಲು ಓದಿಕೊಂಡು ಬಾ' ಎಂಬ ಗದರಿಕೆ. ಇಂಗ್ಲಿಷಿನಲ್ಲಿ ಈ ರೋಗ ಮೊದಲಿನಿಂದ ಇದೆ, ಕನ್ನಡಕ್ಕೂ ಅಂಟಿದೆ. ಒಮ್ಮೆ ಗದರಿಸಿಕೊಂಡವನು ಎರಡನೆಯ ಸಲ ಕೇಳುವುದಿಲ್ಲ. ಮುದ್ರಣಾಲಯದಲ್ಲಿ ಹೊಸದಾಗಿ ಮೊಳೆ ಜೋಡಿಸಲು ಬಂದ ಹುಡುಗ ಅಕ್ಷರ ತಲೆಕೆಳಗಾಗಿ ಇಟ್ಟರೆ ಹಳೆಯ ಕಂಪೋಸಿಟರು ಕೈ ಹಿಡಿದು ತೋರಿಸುತ್ತಿದ್ದರು. ಬೈದು ಓಡಿಸಿದ್ದರೆ ಈ ಕಸುಬೇ ಉಳಿಯುತ್ತಿರಲಿಲ್ಲ.

ಒಂದು 'ರ‍್ಯಾಲಿ'ಯ ಕಥೆ

ಒಳ್ಳೆಯ ಪರಿಹಾರದ ಹಾಳೆ ಹೇಗಿರಬೇಕು? ನಮ್ಮದೇ ಉದಾಹರಣೆ ಕೊಡುತ್ತೇನೆ. ನೀವು ಸಂಘದವರು ಕರಪತ್ರ ಮಾಡಿಸಲು ಬರುತ್ತೀರಿ. ಅದರಲ್ಲಿ 'ಬೃಹತ್ ರ‍್ಯಾಲಿ' ಎಂದು ಇರಲೇಬೇಕು! ಯೂನಿಕೋಡಿನಲ್ಲಿ ಸುಮ್ಮನೆ ಟೈಪ್ ಮಾಡಿದರೆ ಅದು 'ರ್ಯಾಲಿ' ಎಂದು ಬರುತ್ತದೆ. ಅರ್ಕಾವತ್ತು ಬಂದು ಕುಳಿತುಬಿಡುತ್ತದೆ. 'ಸೂರ್ಯ', 'ಕಾರ್ಯ' ಎಂಬಲ್ಲಿ ಅದು ಸರಿ. 'ರ‍್ಯಾಲಿ', 'ರ‍್ಯಾಂಕ್' ಎಂಬಲ್ಲಿ ಸರಿಯಲ್ಲ. ಎಷ್ಟೋ ಜನ ಇದಕ್ಕೆ ಹೆದರಿ 'ಮೆರವಣಿಗೆ' ಎಂದು ಬದಲಿಸಿದ್ದಾರೆ. ಕನ್ನಡಕ್ಕೆ ಅದು ಒಳ್ಳೆಯದೇ ಆಯಿತು ಅನ್ನಿ! ಆದರೆ ಒಬ್ಬರ ಹೆಸರಿನಲ್ಲೇ ಆ ಅಕ್ಷರ ಬಂದರೆ ಹೆಸರು ಬದಲಿಸಲು ಆಗುತ್ತದೆಯೆ?

ಪರಿಹಾರ ಚಿಕ್ಕದು. 'ರ' ಆದ ಮೇಲೆ, ಅರ್ಧಾಕ್ಷರದ ಚಿಹ್ನೆ ಒತ್ತುವ ಮೊದಲು, ಕಣ್ಣಿಗೆ ಕಾಣದ ಒಂದು ಜೋಡಿಸುವ ಅಕ್ಷರ ಹಾಕಬೇಕು. ಅಂದರೆ 'ರ', ಕಾಣದ ಜೋಡಕ, ಅರ್ಧಾಕ್ಷರ ಚಿಹ್ನೆ, ಆಮೇಲೆ 'ಯ'. ಅಷ್ಟೇ! ಆದರೆ ಆ ಕಾಣದ ಅಕ್ಷರದ ಕೀಲಿ ಒಂದೊಂದು ಕೀಲಿಮಣೆಯಲ್ಲಿ ಒಂದೊಂದು ಕಡೆ ಇರುತ್ತದೆ.

ಈಗ ಇದಕ್ಕೆ ಹಾಳೆ ಬರೆಯುವುದಾದರೆ ತಲೆಬರಹ ಏನಿರಬೇಕು? 'ಶೂನ್ಯ ಅಗಲದ ಸಂಯೋಜಕದ ಬಳಕೆ' ಎಂದು ಬರೆದರೆ ಯಾರು ಹುಡುಕುತ್ತಾರೆ? ತೊಂದರೆಯಲ್ಲಿ ಇರುವವನಿಗೆ ಆ ಹೆಸರೇ ಗೊತ್ತಿಲ್ಲ. ಗೊತ್ತಿದ್ದರೆ ಅವನು ಕೇಳುತ್ತಲೇ ಇರಲಿಲ್ಲ! 'ರ‍್ಯಾಲಿ ಎಂದು ಬರೆದರೆ ಅರ್ಕಾವತ್ತು ಬರುತ್ತಿದೆ, ಏನು ಮಾಡಲಿ?' ಎಂಬುದೇ ತಲೆಬರಹವಾಗಬೇಕು. ಕೇಳುವವನ ಬಾಯಿಯ ಮಾತೇ ಹಾಳೆಯ ಹೆಸರಾಗಬೇಕು. ಅದರ ಕೆಳಗೆ ಯಾವ ತಂತ್ರಾಂಶ, ಯಾವ ಆವೃತ್ತಿ, ಯಾವ ಕೀಲಿಮಣೆ. ಆಮೇಲೆ ಒಂದು, ಎರಡು, ಮೂರು ಎಂದು ಹೆಜ್ಜೆಗಳು. ಒಂದು ಹೆಜ್ಜೆಗೆ ಒಂದೇ ಕೆಲಸ. ಪ್ರತಿ ಹೆಜ್ಜೆಯ ಕೊನೆಗೆ ಪರದೆಯ ಮೇಲೆ ಏನು ಕಾಣಬೇಕು ಎಂಬುದು. ಕಾಣದಿದ್ದರೆ ಏನು ಮಾಡಬೇಕು ಎಂಬುದು. ಕೊನೆಯಲ್ಲಿ ಬರೆದ ತಾರೀಖು. ಇಷ್ಟಿದ್ದರೆ ಸಾಕು.

ಭಾಷೆಯ ಬಗ್ಗೆ ಒಂದು ಮಾತು. ನಮ್ಮ ಕನ್ನಡಾಭಿಮಾನ ಇಲ್ಲಿ ಅಡ್ಡ ಬರಬಾರದು. ನಮ್ಮ ಮುದ್ರಣಾಲಯಗಳು ಗ್ಯಾಲಿ, ಪ್ರೂಫ್, ಫಾರಂ, ಟ್ರೆಡಲ್ ಎಂಬ ಮಾತುಗಳನ್ನು ನೂರು ವರ್ಷದಿಂದ ಕನ್ನಡವಾಗಿಯೇ ಬಳಸಿವೆ. ಅದರ ಜೊತೆಗೆ 'ಮೊಳೆ' ಎಂಬ ಚೆಂದದ ಮಾತನ್ನೂ ತಾವೇ ಕಟ್ಟಿಕೊಂಡಿವೆ. ಕೆಲಸ ಮಾಡುವವನು 'ಸೇವ್ ಮಾಡು' ಎನ್ನುತ್ತಾನೆಂದರೆ ಹಾಗೆಯೇ ಬರೆಯಿರಿ. ನಿಘಂಟು ಹುಡುಕಿ ಕಬ್ಬಿಣದ ಕಡಲೆ ಹುರಿಯಬೇಡಿ. ಮೆನುವಿನಲ್ಲಿ ಯಾವ ಮಾತಿದೆಯೋ ಅದನ್ನೇ ಬರೆಯಿರಿ. ಪರದೆ ಇಂಗ್ಲಿಷಿನಲ್ಲಿದ್ದರೆ ಆ ಮಾತು, ಕನ್ನಡದಲ್ಲಿದ್ದರೆ ಈ ಮಾತು ಎಂದು ಎರಡನ್ನೂ ಕೊಡಿ. ಕನ್ನಡ ಎಂದರೆ ಶಬ್ದ ಮಾತ್ರವಲ್ಲ, ಅರ್ಥವಾಗುವಂತೆ ಹೇಳುವ ರೀತಿ.

ಗಡಿಯಾಚೆ ನೋಡಿ

ಇಲ್ಲಿಂದ ಮಾಕುಟ್ಟ ದಾಟಿದರೆ ಕೇರಳ. ಅಲ್ಲಿಂದ ನಾವು ಕಲಿಯಬೇಕಾದ್ದು ಇದೆ. 2001ರಲ್ಲಿ ಅಲ್ಲಿನ ಸರ್ಕಾರ 'ಐಟಿ ಅಟ್ ಸ್ಕೂಲ್' ಎಂಬ ಯೋಜನೆ ತಂದು, ಮುಂದೆ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ತಿರುಗಿಸಿತು. ಈಗ ಅದು 'ಕೈಟ್' ಎಂಬ ಸಂಸ್ಥೆ. 2019ರಲ್ಲಿ 2 ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗೆ ತಮ್ಮದೇ ಲಿನಕ್ಸ್ ಆವೃತ್ತಿ ಹಾಕಲು ಹೊರಟರು. 2002ರಲ್ಲಿ ಶುರುವಾದ 'ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್' ಎಂಬ ಗೆಳೆಯರ ಬಳಗ ಅಕ್ಷರ ಮಾಡಿತು, ಅನುವಾದ ಮಾಡಿತು, ಕೇಳಿದವರಿಗೆ ಮಲಯಾಳದಲ್ಲೇ ಉತ್ತರ ಕೊಟ್ಟಿತು.

ಇದರಲ್ಲಿ ನಮ್ಮನ್ನು ಚುಚ್ಚುವ ಸಂಗತಿಯೊಂದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕೇರಳ ಸರ್ಕಾರ ಮುಕ್ತ ತಂತ್ರಾಂಶದ ಪಠ್ಯಪುಸ್ತಕಗಳನ್ನು ಕನ್ನಡದಲ್ಲಿ ತಂದಿದೆ! ನಮ್ಮಿಂದ ದೂರವಾದ ಆ ನೆಲದ ಕನ್ನಡ ಮಗು ಲಿನಕ್ಸ್ ಯಂತ್ರದ ಮುಂದೆ ಕುಳಿತು ಕನ್ನಡದಲ್ಲಿ ಕಲಿಯುತ್ತದೆ. ಕಾಸರಗೋಡಿನಲ್ಲಿ ಕನ್ನಡಕ್ಕಾಗುವ ಅನ್ಯಾಯದ ಬಗ್ಗೆ ನಾವು ದನಿ ಎತ್ತುತ್ತೇವೆ, ಎತ್ತಲೇಬೇಕು. ಹಾಗೆಂದು ಒಳ್ಳೆಯ ಕೆಲಸವನ್ನು ಒಳ್ಳೆಯದೆನ್ನಲು ಹಿಂಜರಿಯಬಾರದು. ಆ ಪುಸ್ತಕಗಳನ್ನು ನಮ್ಮ ಕಾರ್ಯಕರ್ತರು ತರಿಸಿ ನೋಡಲಿ. ಅಲ್ಲಿನ ಕನ್ನಡ ಶಿಕ್ಷಕರನ್ನು ಇಲ್ಲಿಗೆ ಕರೆಸಿ ನಾಲ್ಕು ದಿನ ಕಲಿಯೋಣ.

ಎರಡು ಆಕ್ಷೇಪಗಳು

'ಇಂಗ್ಲಿಷ್ ಕಲಿತರೆ ಮುಗಿಯಿತಲ್ಲ' ಎನ್ನುವವರಿದ್ದಾರೆ. ಕಲಿಯಲಿ, ಬೇಡವೆನ್ನುವುದಿಲ್ಲ. ಆದರೆ ಪೊನ್ನಂಪೇಟೆಯ ಟೈಪಿಂಗ್ ಅಂಗಡಿಯ ಹೆಣ್ಣುಮಗಳು ಇಂಗ್ಲಿಷ್ ಕಲಿತು ಮುಗಿಸುವವರೆಗೆ ಪಹಣಿ ಅರ್ಜಿ ಹಿಡಿದು ನಿಂತ ರೈತ ಕಾಯುತ್ತಾನೆಯೆ? ನಮ್ಮ ಕೊಡಗಿನಲ್ಲಿ ಮನೆಯೊಳಗೆ ಒಬ್ಬರದು ಕೊಡವ ತಕ್ಕ್, ಒಬ್ಬರದು ಅರೆಭಾಷೆ, ಒಬ್ಬರದು ತುಳು, ಒಬ್ಬರದು ಮಲಯಾಳ, ಒಬ್ಬರದು ಯರವ ಮಾತು. ಎಲ್ಲರೂ ಅಂಗಡಿ ಕಟ್ಟೆಗೆ ಬಂದಾಗ ಆಡುವ ಮಾತು ಕನ್ನಡ. ಆದ್ದರಿಂದ ಒಂದು ಕನ್ನಡ ಹಾಳೆ ಇಲ್ಲಿ ಇವರೆಲ್ಲರ ಕೈಗೂ ಒದಗುತ್ತದೆ.

ಎರಡನೆಯ ಆಕ್ಷೇಪ ಹೊಸದು. 'ಈಗ ಕೃತಕ ಬುದ್ಧಿಮತ್ತೆ ಬಂದಿದೆ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಹೇಳುತ್ತದೆ, ನೀವೇಕೆ ಬರೆಯುತ್ತೀರಿ?' ನಾನೂ ಕೇಳಿ ನೋಡಿದ್ದೇನೆ. ಎಷ್ಟೋ ಸಲ ಸರಿಯಾಗಿ ಹೇಳುತ್ತದೆ. ಕೆಲವು ಸಲ ನಯವಾದ ಕನ್ನಡದಲ್ಲಿ, ಪರದೆಯ ಮೇಲೆ ಇಲ್ಲವೇ ಇಲ್ಲದ ಗುಂಡಿಯನ್ನು ಒತ್ತಿ ಎನ್ನುತ್ತದೆ! ಆ ಯಂತ್ರ ಕಲಿಯುವುದು ಮನುಷ್ಯರು ಬರೆದಿಟ್ಟದ್ದರಿಂದ. ಕನ್ನಡದ ಪುಟ ಕಟ್ಟುವ ಬಗ್ಗೆ, ನಮ್ಮ ಒತ್ತಕ್ಷರದ ಬಗ್ಗೆ, ಹಳೆಯ ಕಡತದ ಬಗ್ಗೆ ಕನ್ನಡದಲ್ಲಿ ಯಾರೂ ಬರೆಯದಿದ್ದರೆ ಅದು ಎಲ್ಲಿಂದ ತಂದು ಹೇಳೀತು? ಬಾವಿಯಲ್ಲಿ ನೀರಿದ್ದರಲ್ಲವೆ ಪಂಪಿಗೆ ಬರುವುದು!

ನಾವೇನು ಮಾಡಬೇಕು?

ಸರ್ಕಾರಕ್ಕೆ ಮನವಿ ಕೊಡೋಣ, ಬೇಡವೆನ್ನುವುದಿಲ್ಲ. ಸರ್ಕಾರದ ಹಣದಲ್ಲಿ ಆಗುವ ಕನ್ನಡ ತಂತ್ರಾಂಶ, ಅಕ್ಷರ, ಅದರ ಕೈಪಿಡಿ, ಇವೆಲ್ಲ ಎಲ್ಲರೂ ತಿದ್ದಿ ಹಂಚಬಹುದಾದ ಪರವಾನಗಿಯಲ್ಲೇ ಹೊರಬರಬೇಕೆಂದು ಒತ್ತಾಯಿಸೋಣ. ಆದರೆ ಮನವಿಯ ಉತ್ತರಕ್ಕೆ ಕಾಯುತ್ತ ಕೂರುವುದು ಬೇಡ. ನಮ್ಮ ಕೈಯಲ್ಲೇ ಆಗುವ ಐದು ಕೆಲಸ ಹೇಳುತ್ತೇನೆ.

ಮೊದಲನೆಯದು, ಪ್ರಶ್ನೆ ಪುಸ್ತಕ. ಪ್ರತಿ ಮುದ್ರಣಾಲಯ, ಟೈಪಿಂಗ್ ಅಂಗಡಿ, ಶಾಲೆ, ಗ್ರಂಥಾಲಯದಲ್ಲಿ ಒಂದು ನೋಟ್ ಪುಸ್ತಕ ಇಡೋಣ. ತೊಂದರೆ ಬಂದವನು ತನ್ನ ಮಾತಿನಲ್ಲೇ ಬರೆಯಲಿ. ತಿಂಗಳಿಗೊಮ್ಮೆ ಒಟ್ಟುಮಾಡಿದರೆ ಜನ ನಿಜವಾಗಿ ಎಲ್ಲಿ ಸಿಕ್ಕಿಬೀಳುತ್ತಾರೆಂದು ಗೊತ್ತಾಗುತ್ತದೆ. ಹತ್ತು ಪ್ರಶ್ನೆಯೇ ಮತ್ತೆ ಮತ್ತೆ ಬರುವುದನ್ನು ನೀವೇ ಕಾಣುತ್ತೀರಿ. ಆ ಹತ್ತಕ್ಕೆ ಮೊದಲು ಹಾಳೆ ಬರೆಯೋಣ.

ಎರಡನೆಯದು, ಕೇಳುವ ಕ್ರಮ. ಕೇಳುವವನಿಗೂ ಒಂದು ಕರ್ತವ್ಯವಿದೆ. 'ಕಂಪ್ಯೂಟರ್ ಕೆಟ್ಟಿದೆ' ಎಂದರೆ ಯಾವ ವೈದ್ಯನೂ ಮದ್ದು ಕೊಡಲಾರ. ಯಾವ ಯಂತ್ರ, ಯಾವ ತಂತ್ರಾಂಶ, ಎಷ್ಟನೆಯ ಆವೃತ್ತಿ, ಏನು ಮಾಡಲು ಹೋದಿರಿ, ಏನಾಯಿತು, ಪರದೆಯ ಮೇಲೆ ಬಂದ ಮಾತು ಅಕ್ಷರಶಃ ಏನು, ಅದಕ್ಕೆ ಮೊದಲು ಏನನ್ನು ಬದಲಿಸಿದ್ದಿರಿ. ಈ ಏಳನ್ನು ಬರೆದರೆ ಅರ್ಧ ಉತ್ತರ ಸಿಕ್ಕಂತೆ. ಈ ಏಳು ಸಾಲನ್ನು ಒಂದು ಕಾರ್ಡಿನಲ್ಲಿ ಅಚ್ಚು ಹಾಕಿ ಹಂಚುವ ಖರ್ಚು ನನ್ನದು.

ಮೂರನೆಯದು, ಪರೀಕ್ಷೆ. ಬರೆದ ಹಾಳೆಯನ್ನು ಬಲ್ಲವರಿಗೆ ತೋರಿಸಿದರೆ 'ಚೆನ್ನಾಗಿದೆ' ಎನ್ನುತ್ತಾರೆ, ಪ್ರಯೋಜನವಿಲ್ಲ. ಆ ಕೆಲಸ ಗೊತ್ತಿಲ್ಲದ ಒಬ್ಬನ ಕೈಗೆ ಕೊಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತು ನೋಡಿ. ಅವನು ಎಲ್ಲಿ ನಿಲ್ಲುತ್ತಾನೋ ಅಲ್ಲಿ ಹಾಳೆ ತಪ್ಪಿದೆ, ಅವನಲ್ಲ. ನಾವು ಪ್ರೂಫ್ ನೋಡುವಾಗ ಬರೆದವನಿಗೇ ಕೊಡುವುದಿಲ್ಲ, ಬೇರೆಯ ಕಣ್ಣಿಗೆ ಕೊಡುತ್ತೇವೆ. ಇದೂ ಹಾಗೆಯೇ.

ನಾಲ್ಕನೆಯದು, ಹೊಣೆ. ಒಂದೊಂದು ಶಾಖೆ ಒಂದೊಂದು ತಂತ್ರಾಂಶ ವಹಿಸಿಕೊಳ್ಳಲಿ. ವಿರಾಜಪೇಟೆ ಸ್ಕ್ರೈಬಸ್ ಹಿಡಿಯಲಿ, ಮಡಿಕೇರಿ ಲಿಬ್ರೆ ಆಫೀಸ್ ಹಿಡಿಯಲಿ, ಸೋಮವಾರಪೇಟೆ ಇಂಕ್‌ಸ್ಕೇಪ್ ಹಿಡಿಯಲಿ. ಹೊಸ ಆವೃತ್ತಿ ಬಂದಾಗ ಹಾಳೆಗಳನ್ನು ಮತ್ತೆ ಪರೀಕ್ಷಿಸಿ ತಾರೀಖು ಬದಲಿಸುವ ಕೆಲಸ ಆಯಾ ಶಾಖೆಯದು. ಎಲ್ಲರ ಹೊಣೆ ಎಂದರೆ ಯಾರ ಹೊಣೆಯೂ ಅಲ್ಲ. ಬರೆದದ್ದನ್ನು ಯಾರು ಬೇಕಾದರೂ ನಕಲು ಮಾಡಿ, ತಿದ್ದಿ, ಹಂಚಬಹುದೆಂದು ಹಾಳೆಯ ಮೇಲೇ ಬರೆದುಬಿಡೋಣ.

ಐದನೆಯದು, ಕಾಗದ. ಆಟಿ ತಿಂಗಳ ಮಳೆಯಲ್ಲಿ ಇಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಇಂಟರ್‌ನೆಟ್ಟಿನಲ್ಲಿ ಮಾತ್ರ ಇರುವ ಸಹಾಯ ನಮಗೆ ಆರು ತಿಂಗಳ ಸಹಾಯ. ಆದ್ದರಿಂದ ಈ ಹಾಳೆಗಳು ಫೋನಿನಲ್ಲಿ ಇಳಿಸಿಟ್ಟುಕೊಳ್ಳುವಂತೆಯೂ ಇರಲಿ, ಅಚ್ಚಿನಲ್ಲೂ ಬರಲಿ. ಡೆಮಿ ಅಳತೆಯಲ್ಲಿ ಒಂದು ಫಾರಂ ಎಂದರೆ 16 ಪುಟ. ಹದಿನಾರು ಪುಟಕ್ಕೆ ಹತ್ತು ಪರಿಹಾರ ಧಾರಾಳವಾಗಿ ಹಿಡಿಯುತ್ತದೆ. ಕಾಗದ ನೀವು ಕೊಡಿ, ಅಚ್ಚಿನ ಕೂಲಿ ನನಗೆ ಬೇಡ. ಆ ಪುಸ್ತಿಕೆಯನ್ನು ಸ್ಕ್ರೈಬಸ್‌ನಲ್ಲೇ ಕಟ್ಟುತ್ತೇನೆ, ಯೂನಿಕೋಡ್ ಕನ್ನಡದಲ್ಲೇ ಅಚ್ಚು ಹಾಕುತ್ತೇನೆ. ಕಟ್ಟುವಾಗ ಬರುವ ತೊಂದರೆಗಳೇ ಎರಡನೆಯ ಪುಸ್ತಿಕೆಗೆ ಸಾಮಗ್ರಿಯಾಗಲಿ!

ಬಂಧುಗಳೇ, ಫಲಕಕ್ಕೆ ಹೋರಾಡುವಾಗ ಘೋಷಣೆ ಬೇಕು, ಮೆರವಣಿಗೆ ಬೇಕು. ಈ ಹೋರಾಟಕ್ಕೆ ಬೇಕಾದ್ದು ತಾಳ್ಮೆ, ಒಂದು ಪೆನ್ನು, ಮತ್ತು 'ಗೊತ್ತಿಲ್ಲ' ಎಂದು ಬಂದವನನ್ನು ಕೂರಿಸಿ ಹೇಳಿಕೊಡುವ ಮನಸ್ಸು. ಪತ್ರಿಕೆಗೆ ಫೋಟೋ ಬರುವ ಕೆಲಸ ಇದಲ್ಲ. ಆದರೆ ಇದನ್ನು ಮಾಡದಿದ್ದರೆ ನಮ್ಮ ಮಕ್ಕಳು ಕನ್ನಡವನ್ನು ಹಾಡಿಗೆ, ಹಬ್ಬಕ್ಕೆ ಇಟ್ಟುಕೊಂಡು, ಕೆಲಸಕ್ಕೆ ಬೇರೆ ಭಾಷೆ ಹುಡುಕುತ್ತಾರೆ. ಕೆಲಸದಿಂದ ಹೊರಬಿದ್ದ ಭಾಷೆ ಹೆಚ್ಚು ಕಾಲ ಹಾಡಿನಲ್ಲೂ ಉಳಿಯುವುದಿಲ್ಲ.

ಪ್ರಶ್ನೆ ಪುಸ್ತಕದ ಮೊದಲ ಇಪ್ಪತ್ತು ಪ್ರತಿಗಳನ್ನು ಹೊಲಿದು ತಂದಿದ್ದೇನೆ. ಬಾಗಿಲ ಬಳಿ ಮೇಜಿನ ಮೇಲಿವೆ. ಹೋಗುವಾಗ ನಿಮ್ಮ ಊರಿಗೆ ಒಂದೊಂದು ತೆಗೆದುಕೊಂಡು ಹೋಗಿ, ಮುಂದಿನ ಸಭೆಗೆ ಬರೆದು ತುಂಬಿಸಿಕೊಂಡು ಬನ್ನಿ.

ಜೈ ಕರ್ನಾಟಕ!